ಪಟ್ಟೆ ಬೀಳುವುದು ಬಣ್ಣದ ದೋಷವಲ್ಲ

ದಾವಣಗೆರೆಯಲ್ಲಿ ರಬ್ಬರ್ ಮರದ ಟೀಪಾಯಿಗೆ ನೀರಿನ ಅನಿಲಿನ್ ಬಣ್ಣ (ನೀರಲ್ಲಿ ಕರಗಿಸಿ ಹಚ್ಚುವ ಪುಡಿ ಬಣ್ಣ) ಹಚ್ಚಿದರೆ ಪಟ್ಟೆ ಬೀಳುತ್ತೆ, ಮೈ ತರಿತರಿಯಾಗುತ್ತೆ, ಯಾಕೆ ಅಂತ ಕೇಳಿದ್ದೀರಿ.

ತರಿ ಬರೋದು ನೀರು ಕುಡಿದು ಮರದ ನಾರು ಏಳೋದರಿಂದ. ಬಣ್ಣಕ್ಕೆ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ, ರಾತ್ರಿಯಿಡೀ ಒಣಗಿಸಿ, 220 ನಂಬರ್ ಪಾಲಿಶ್ ಪೇಪರ್‌ನಲ್ಲಿ ಹಗುರವಾಗಿ ತಿಕ್ಕಿ. ಜೋರಾಗಿ ತಿಕ್ಕಿದರೆ ಹೊಸ ನಾರು ಏಳುತ್ತೆ.

ಪಟ್ಟೆಗೆ ಕಾರಣ ನಮ್ಮ ಬಿಸಿಲು. ಬೇಸಿಗೆ ಮಧ್ಯಾಹ್ನ ಒಂದು ಕಡೆ ಹಚ್ಚುವಷ್ಟರಲ್ಲಿ ಇನ್ನೊಂದು ಕಡೆ ಒಣಗಿರುತ್ತೆ; ಒಣಗಿದ ಅಂಚಿನ ಮೇಲೆ ಮತ್ತೆ ಬಿದ್ದಲ್ಲಿ ಬಣ್ಣ ದಟ್ಟವಾಗುತ್ತೆ. ಬೆಳಗ್ಗೆ, ನೆರಳಲ್ಲಿ ಕೆಲಸ ಮಾಡಿ. ಧಾರಾಳವಾಗಿ ಸವರಿ ಇಡೀ ಹಲಗೆ ಒದ್ದೆಯಿರುವಾಗಲೇ ಉಳಿದದ್ದನ್ನು ಒರೆಸಿ. ಹಲಗೆಯ ತುದಿ ಜಾಸ್ತಿ ಹೀರುತ್ತೆ, ಅಲ್ಲಿಗೆ ಮೊದಲು ಬರಿ ನೀರು ಸವರಿ.

ಅಳತೆ: ಒಂದು ಲೀಟರ್ ಬಿಸಿ ನೀರಿಗೆ ಸುಮಾರು 15 ಗ್ರಾಂ ಪುಡಿ. ಬೋರ್‌ವೆಲ್ ಗಡಸು ನೀರು ಬೇಡ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರು (ಆಸಿಡ್ ಅಲ್ಲ) ಒಳ್ಳೇದು. ಕಬ್ಬಿಣದ ಡಬ್ಬಿ ಬೇಡವೇ ಬೇಡ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ತುಂಡು ಹಲಗೆ ಮೇಲೆ ನೋಡಿ.

ಈಗಿರುವ ಪಟ್ಟೆಗಳನ್ನು, ಮೇಲೆ ಪಾಲಿಶ್ ಆಗಿಲ್ಲದಿದ್ದರೆ, ಒದ್ದೆ ಬಟ್ಟೆಯಲ್ಲಿ ಸಮ ಮಾಡಬಹುದು. ಮೇಲೆ ನೇರ ನೀರಿನ ವಾರ್ನಿಷ್ ಹಚ್ಚಬೇಡಿ, ಬಣ್ಣ ಎದ್ದು ಬರುತ್ತೆ. ಮೊದಲು ಒಂದು ಕೈ ಶೆಲ್ಯಾಕ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು) ಕೊಡಿ. ಟೀಪಾಯಿ ಕಿಟಕಿ ಬಿಸಿಲಿಗೆ ಬಿದ್ದರೆ ಮಾಸುತ್ತೆ.