ಪುರಾಣದ ಕಥೆ ಬರೆಯಿರಿ ಅಂದರೆ ಬರೀ ಸಾರಾಂಶ ಕೊಡುವ ಮಕ್ಕಳ ಬಗ್ಗೆ

ನಮಸ್ಕಾರ ಮೇಡಂ. ಒಂಬತ್ತನೇ ತರಗತಿಯವರಿಗೆ ಪುರಾಣದ ಕಥೆ ಬರೆಯಲು ಹೇಳಿದರೆ ‘ಒಂದಾನೊಂದು ಕಾಲದಲ್ಲಿ’ ಎಂದು ಶುರು ಮಾಡಿ ಹತ್ತು ಸಾಲಿಗೆ ಮುಗಿಸುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಇಡೀ ಕಥೆ ಕೇಳಬೇಡಿ. ಒಂದು ಗಳಿಗೆ ಸಾಕು.

ಕಾವೇರಿ ಹುಟ್ಟಿದ ಕಥೆ ತೆಗೆದುಕೊಳ್ಳಿ. ಅಗಸ್ತ್ಯರ ಕಮಂಡಲ, ಅದರ ಮೇಲೆ ಕಾಗೆಯಾಗಿ ಬಂದು ಕೂತ ಗಣಪತಿ, ಉರುಳಿದ ನೀರು. ಮಕ್ಕಳಿಗೆ ಗೊತ್ತಿರುವ ಕಥೆಯಾದ್ದರಿಂದ ಮುಂದೇನು ಅಂತ ಹುಡುಕುವ ತಲೆನೋವಿಲ್ಲ. ಕಾಗೆ ಕೂತಾಗಿನಿಂದ ನೀರು ಚೆಲ್ಲುವವರೆಗೆ ಮಾತ್ರ ಒಂದು ಪುಟ ಬರೆಯಲಿ, ‘ನಾನು’ ಅಂತ. ಆ ನಾನು ಕಾಗೆಯೋ, ಮುನಿಯೋ, ಒಳಗಿರುವ ಕಾವೇರಿಯೋ, ಅವರೇ ಆರಿಸಲಿ. ಕಾವೇರಿಯನ್ನು ಆರಿಸಿದವರಿಗೆ ಹೊರಗಿನದು ಏನೂ ಕಾಣುವುದಿಲ್ಲ, ಅಲ್ವಾ? ಕತ್ತಲು, ಅಂಚಿನಲ್ಲಿ ಉಗುರು ಪರಚಿದ ಸದ್ದು, ಒಮ್ಮೆಲೇ ವಾಲಿದ್ದು, ಇಷ್ಟರಲ್ಲೇ ಬರೆಯಬೇಕು. ಸಾರಾಂಶಕ್ಕೆ ಜಾಗವೇ ಇರುವುದಿಲ್ಲ. ಯಾರಾದರೂ ‘ಅಗಸ್ತ್ಯರಿಗೆ ಕೋಪ ಬಂತು’ ಅಂತ ಬರೆದರೆ ತಿದ್ದಬೇಡಿ. ‘ಆಗ ಕೈ ಏನು ಮಾಡಿತು?’ ಅಂತ ಪಕ್ಕದಲ್ಲಿ ಬರೆದು ವಾಪಸ್ ಕೊಡಿ.

ಕೊನೆಗೆ ನೀತಿ ಬರೆಸುವ ಅಭ್ಯಾಸವಿದ್ದರೆ ದಯವಿಟ್ಟು ಬಿಟ್ಟುಬಿಡಿ. ನನಗಂತೂ ಅದರಷ್ಟು ಬೇಜಾರಿನದು ಇನ್ನೊಂದಿಲ್ಲ.

ಬರೆಯಲು ಹಿಂಜರಿಯುವವರನ್ನು ಯಕ್ಷಗಾನದ ತಾಳಮದ್ದಳೆಯ ಹಾಗೆ ಎದುರುಬದುರು ಕೂರಿಸಿ. ವೇಷ ಬೇಡ, ಕುಣಿತ ಬೇಡ, ಒಬ್ಬ ಕಾಗೆ, ಒಬ್ಬ ಮುನಿ, ಸುಮ್ನೆ ವಾದ ಮಾಡಲಿ. ಆಡಿದ ಮಾತನ್ನೇ ಆಮೇಲೆ ಬರೆಯಲಿ. ನಿಮ್ಮದು ಚಾಮರಾಜನಗರದ ಕಡೆಯಾದರೆ ಮಾದಪ್ಪನ (ಮಲೆ ಮಾದೇಶ್ವರನ) ಜನಪದ ಕಾವ್ಯದಲ್ಲಿ ‘ಸಂಕಮ್ಮನ ಸಾಲು’ ಅನ್ನುವ ಭಾಗ ಇದಕ್ಕೆ ಇನ್ನೂ ಚೆನ್ನ. ಗಂಡ ಭಾಷೆ ಕೊಡು, ಅಂದರೆ ಆಣೆ ಮಾಡು ಅಂತಾನೆ, ಅವಳು ಕೊಡಲ್ಲ ಅಂತಾಳೆ. ಹೈಸ್ಕೂಲು ಮಕ್ಕಳು ಆ ಜಗಳಕ್ಕೆ ಬೇಗ ಇಳಿಯುತ್ತಾರೆ.