ಹುಡುಗಿಯ ಸಿಸಿಟಿವಿ ಕ್ಲಿಪ್ ಕಳಿಸು ಅಂದರೆ ಸೆಕ್ಯುರಿಟಿ ಏನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಬರೆಯುತ್ತೇನೆ, ಓದುವ ಬೇರೆಯವರಿಗೂ ಗೊತ್ತಾಗಲಿ. ನೀವು ಗದಗ ಕಡೆಯವರು. ಮಂಗಳೂರಿನ ಬಿಜೈ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ ನೈಟ್ ಡ್ಯೂಟಿ, ಸೇರಿ ಐದು ತಿಂಗಳಾಯಿತು. ನಾಲ್ಕನೇ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಎಷ್ಟು ಹೊತ್ತಿಗೆ ಬರುತ್ತಾಳೆ, ಯಾರ ಜೊತೆ ಬರುತ್ತಾಳೆ ಅಂತ ನೋಡಿ ಕ್ಲಿಪ್ ಕಳಿಸು ಅಂತ ಸೆಕ್ರೆಟರಿ ಒತ್ತಾಯ ಮಾಡುತ್ತಿದ್ದಾರೆ. ಕಳಿಸಿದರೆ ಕೇಸ್ ಆಗುತ್ತಾ, ಕಳಿಸದಿದ್ದರೆ ಕೆಲಸ ಉಳಿಯುತ್ತಾ ಅಂತ ಕೇಳಿದ್ದೀರಿ. ಅದರ ಜೊತೆಗೆ ಕಳೆದ ತಿಂಗಳು ಒಂದು ಬೈಕ್ ಕಳವಾಗಿದೆ, ಅದರ ದುಡ್ಡನ್ನು ನಿಮ್ಮ ಸಂಬಳದಲ್ಲಿ ಹಿಡಿಯುತ್ತೇವೆ ಅಂತ ಏಜೆನ್ಸಿಯವರು ಹೇಳಿದ್ದಾರೆ.

ಕ್ಲಿಪ್ ಕಳಿಸಬೇಡಿ. ಒಂದೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಇನ್ನು ಮುಂದೆ ನಿಲ್ಲಿಸಿ.

ನಾನು ವಕೀಲನಲ್ಲ. ಹದಿನೇಳು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮಣಿಪಾಲದಲ್ಲಿ ರಾತ್ರಿ ಗೇಟಿನಲ್ಲಿ ನಿಂತು ಶುರು ಮಾಡಿದವನು, ಈಗ ಉಡುಪಿ ಮತ್ತು ಮಂಗಳೂರಿನ ಪಾಯಿಂಟ್‌ಗಳನ್ನು, ಅಂದರೆ ನಮ್ಮ ಹುಡುಗರು ಕಾವಲಿರುವ ಜಾಗಗಳನ್ನು, ನೋಡಿಕೊಳ್ಳುವ ಫೀಲ್ಡ್ ಆಫೀಸರ್. ನಿಮ್ಮ ಪ್ರಶ್ನೆ ಓದಿದಾಗ ಹಳೆಯದೊಂದು ವಿಷಯ ನೆನಪಾಗಿ ಆ ರಾತ್ರಿ ನಿದ್ದೆ ಬರಲಿಲ್ಲ. ಅದನ್ನೇ ಮೊದಲು ಹೇಳುತ್ತೇನೆ.

ಮಂಗಳೂರಿನದೇ ಒಂದು ಬಿಲ್ಡಿಂಗ್. ಲಿಫ್ಟ್ ಒಳಗೆ ಕ್ಯಾಮರಾ ಇತ್ತು. ನರ್ಸಿಂಗ್ ಮುಗಿಸಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ ಮಧ್ಯಾಹ್ನದ ಪಾಳಿ ಮುಗಿಸಿ ರಾತ್ರಿ ಬರುತ್ತಿದ್ದಳು. ಅವಳ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಕೆಲವು ದಿನ ಬಾಗಿಲ ತನಕ ಬಿಟ್ಟು ಹೋಗುತ್ತಿದ್ದ. ಕಮಿಟಿಯ ಒಬ್ಬರು ನಮ್ಮ ಸೆಕ್ಯುರಿಟಿ ಹುಡುಗನಿಗೆ ಹೇಳಿ, ಮಾನಿಟರ್ ಮುಂದೆ ಮೊಬೈಲ್ ಹಿಡಿಸಿ ರೆಕಾರ್ಡ್ ಮಾಡಿಸಿಕೊಂಡರು. ಹನ್ನೊಂದು ಸೆಕೆಂಡಿನ ಕ್ಲಿಪ್. ಮೊದಲು ಕಮಿಟಿಯ ವಾಟ್ಸಾಪ್ ಗ್ರೂಪ್, ಆಮೇಲೆ ಬಿಲ್ಡಿಂಗಿನ ಗ್ರೂಪ್, ಮರುದಿನ ಸಂಜೆಗೆ ಕುಂದಾಪುರದಲ್ಲಿದ್ದ ಅವಳ ಅಪ್ಪನ ಫೋನಿಗೂ ಹೋಯಿತು. ಆ ವಾರವೇ ಹುಡುಗಿ ಮನೆ ಖಾಲಿ ಮಾಡಿದಳು. ಸಾಮಾನು ಇಳಿಸುವಾಗ ಅವಳು ಲಿಫ್ಟ್ ಹತ್ತಲಿಲ್ಲ. ಐದು ಮಹಡಿ ಮೆಟ್ಟಿಲಲ್ಲೇ ಹತ್ತಿ ಇಳಿದಳು.

ಅಪ್ಪ ಸ್ಟೇಷನ್ನಿಗೆ ಹೋದರು. ಕಮಿಟಿಯವರು ‘ನಾವು ಹೇಳಿಲ್ಲ, ವಾಚ್‌ಮನ್ ಮಾಡಿದ್ದು’ ಅಂದರು. ಕ್ಲಿಪ್ಪನ್ನು ದೊಡ್ಡದು ಮಾಡಿ ನೋಡಿದರೆ ಮಾನಿಟರ್ ಗಾಜಿನಲ್ಲಿ ನಮ್ಮ ಹುಡುಗನ ಟೋಪಿ ಕಾಣುತ್ತಿತ್ತು. ಹೇಳಿದವರ ಮಾತಿಗೆ ಸಾಕ್ಷಿ ಇಲ್ಲ, ಮಾಡಿದವನ ಟೋಪಿಗೆ ಸಾಕ್ಷಿ ಇದೆ. ಅವನ ಫೋನ್ ಹೋಯಿತು, ಕೆಲಸ ಹೋಯಿತು. ಆ ಹುಡುಗನನ್ನು ಆ ಪಾಯಿಂಟಿಗೆ ಹಾಕಿದವನು ನಾನೇ. ಗೇಟ್ ಹೇಗೆ ನೋಡಬೇಕು, ಸಲ್ಯೂಟ್ ಹೇಗೆ ಹೊಡೆಯಬೇಕು ಅಂತ ಹೇಳಿಕೊಟ್ಟಿದ್ದೆ. ಮಾನಿಟರ್ ಮುಂದೆ ಏನು ಮಾಡಬಾರದು ಅಂತ ಒಂದು ಮಾತೂ ಹೇಳಿರಲಿಲ್ಲ.

ಈಗ ಕಾನೂನಿಗೆ ಬರೋಣ. ಲಿಫ್ಟ್, ಕಾರಿಡಾರ್, ಪಾರ್ಕಿಂಗ್ ಎಲ್ಲರೂ ಓಡಾಡುವ ಜಾಗ. ಅಲ್ಲಿ ಕ್ಯಾಮರಾ ಇಡುವುದೇ ತಪ್ಪಲ್ಲ. ಆದರೆ ಅದನ್ನು ಇಟ್ಟಿದ್ದು ಕಳ್ಳತನ, ಗಲಾಟೆ, ಬೆಂಕಿ ಇಂಥದ್ದಕ್ಕೆ. ಒಬ್ಬಳ ಹೋಗಿ ಬರುವ ಲೆಕ್ಕ ಇಡುವುದಕ್ಕಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಆ ಕೇಸ್ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ಅದು ಮುಖ್ಯವಾಗಿ ಸರ್ಕಾರದ ಮುಂದೆ ಇಡುವ ಹಕ್ಕು, ನಿಜ. ಆದರೆ ಮನೆಯ ಜಗಳಕ್ಕೂ ಅದು ಬಂದಿದೆ. ಕೋಲ್ಕತ್ತದಲ್ಲಿ ಒಂದೇ ಮನೆಯಲ್ಲಿರುವ ಅಣ್ಣ ತಮ್ಮಂದಿರ ನಡುವೆ ಕ್ಯಾಮರಾ ವಿಷಯಕ್ಕೆ ಕೇಸ್ ಆಗಿ, ಜೊತೆಯಲ್ಲಿ ವಾಸ ಇರುವವರ ಒಪ್ಪಿಗೆ ಇಲ್ಲದೆ ವಾಸದ ಭಾಗದೊಳಗೆ ಕ್ಯಾಮರಾ ನಡೆಸಬಾರದು ಅಂತ 2025ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲಿಲ್ಲ.

ನಿಮಗೆ ನೇರವಾಗಿ ತಾಗುವುದು ಭಾರತೀಯ ನ್ಯಾಯ ಸಂಹಿತೆಯ 79ನೇ ಸೆಕ್ಷನ್. ಹಳೆಯ ಐಪಿಸಿಯಲ್ಲಿ ಅದು 509. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಅವಳ ಖಾಸಗಿತನದೊಳಗೆ ನುಗ್ಗಿದರೆ ಮೂರು ವರ್ಷದ ತನಕ ಜೈಲು, ಜೊತೆಗೆ ದಂಡ. ನಿಮಗೆ ಅಂಥ ಉದ್ದೇಶ ಇಲ್ಲದೆ ಇರಬಹುದು. ಆದರೆ ಕ್ಲಿಪ್ ಹೊರಟಿದ್ದು ನಿಮ್ಮ ಫೋನಿಂದ ಅಂತಾದರೆ ಮೊದಲ ವಿಚಾರಣೆ ನಿಮ್ಮದೇ.

ಇನ್ನೂ ಗಟ್ಟಿಯಾದ ಸೆಕ್ಷನ್‌ಗಳು ಬೇರೆ ಇವೆ. ಬಚ್ಚಲು, ಬಟ್ಟೆ ಬದಲಿಸುವ ಕೋಣೆ, ಮಲಗುವ ಕೋಣೆ ಇಂಥ ಕಡೆ ಹೆಣ್ಣಿನ ಚಿತ್ರ ತೆಗೆದರೆ ನ್ಯಾಯ ಸಂಹಿತೆಯ 77. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ. ಒಪ್ಪಿಗೆ ಇಲ್ಲದೆ ಯಾರದೇ ಗುಪ್ತಾಂಗದ ಚಿತ್ರ ತೆಗೆದರೆ, ಹಂಚಿದರೆ ಐಟಿ ಕಾಯ್ದೆಯ 66ಇ. ಗಂಡಾಗಲಿ ಹೆಣ್ಣಾಗಲಿ, ಮೂರು ವರ್ಷದ ತನಕ ಜೈಲು ಅಥವಾ 2 ಲಕ್ಷದ ತನಕ ದಂಡ, ಅಥವಾ ಎರಡೂ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಊರಲ್ಲಿ ಬಿಲ್ಡಿಂಗ್ ಪಕ್ಕದಲ್ಲೇ ಹಳೆಯ ಹಂಚಿನ ಮನೆಗಳು ಇರುತ್ತವೆ. ಮಳೆಗಾಲದ ಗಾಳಿಗೆ ಕ್ಯಾಮರಾ ತಿರುಗಿ ಪಕ್ಕದ ಮನೆಯ ಬಚ್ಚಲಿನ ಕಿಟಕಿ ಕಡೆ ನೋಡುತ್ತಾ ತಿಂಗಳುಗಟ್ಟಲೆ ಹಾಗೇ ಇದ್ದದ್ದನ್ನು ನಾನು ನೋಡಿದ್ದೇನೆ. ಹಾಗೆ ಕಂಡ ದಿನವೇ ಬರೆದು ತಿಳಿಸಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಬರುತ್ತಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಮುಖ್ಯ ಜವಾಬ್ದಾರಿಗಳು ಹದಿನೆಂಟು ತಿಂಗಳ ಮೇಲೆ ಜಾರಿಗೆ ಬರುತ್ತವೆ. ಒಬ್ಬ ವ್ಯಕ್ತಿ ತನ್ನ ಮನೆಯ ಕೆಲಸಕ್ಕೆ ಬಳಸಿದರೆ ಅದರಲ್ಲಿ ವಿನಾಯಿತಿ ಇದೆ. ಅಸೋಸಿಯೇಷನ್ ಅಂದರೆ ಒಬ್ಬ ವ್ಯಕ್ತಿ ಅಲ್ಲ, ಅಲ್ವಾ?

ಸರಿ, ಸೆಕ್ರೆಟರಿಗೆ ಏನು ಹೇಳುವುದು? ಜಗಳ ಮಾಡಬೇಡಿ. ‘ಆಗಲ್ಲ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವುದೂ ಬೇಡ. ಇಷ್ಟು ಹೇಳಿ: ‘ಸರ್, ಬರೆದು ಕೊಟ್ಟರೆ ಮಾತ್ರ ತೋರಿಸಬೇಕು ಅಂತ ನಮ್ಮ ಆಫೀಸಿನಿಂದ ಹೇಳಿದ್ದಾರೆ. ಯಾವ ದಿನದ್ದು, ಯಾಕೆ ಬೇಕು ಅಂತ ಒಂದು ಲೆಟರ್ ಕೊಡಿ ಸರ್, ನಮ್ಮ ಆಫೀಸರ್‌ಗೆ ಕಳಿಸುತ್ತೇನೆ.’ ಅದಕ್ಕೆ ಮೊದಲು ನಿಮ್ಮ ಫೀಲ್ಡ್ ಆಫೀಸರ್‌ಗೆ ಫೋನ್ ಮಾಡಿ ವಿಷಯ ತಿಳಿಸಿ, ನಿಮ್ಮ ಮಾತು ಸುಳ್ಳಾಗಬಾರದು. ಕೆಟ್ಟ ಉದ್ದೇಶ ಇದ್ದವರು ಆ ಲೆಟರ್ ಬರೆದು ಕೊಟ್ಟದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಕಾರಿಗೆ ಯಾರೋ ಗೀಚಿದ್ದಾರೆ, ಮಗುವಿನ ಸೈಕಲ್ ಕಾಣುತ್ತಿಲ್ಲ ಅನ್ನುವವರು ಎರಡೇ ನಿಮಿಷದಲ್ಲಿ ಬರೆದು ಕೊಡುತ್ತಾರೆ. ಅಂಥವರಿಗೆ ಕಮಿಟಿಯ ಇಬ್ಬರ ಎದುರು ಮಾನಿಟರಿನಲ್ಲೇ ತೋರಿಸಿ. ಫೋನಿಗೆ ಕಾಪಿ ಬೇಡ.

ಆಮೇಲೆ ರಿಜಿಸ್ಟರ್ ತೆಗೆದು ಬರೆಯಿರಿ. ತಾರೀಕು, ಗಂಟೆ, ಯಾರು ಏನು ಕೇಳಿದರು, ನೀವು ಏನು ಹೇಳಿದಿರಿ. ಕನ್ನಡದಲ್ಲೇ ಬರೆಯಿರಿ. ಆ ಪುಟದ ಫೋಟೋ ಆಫೀಸರ್‌ಗೆ ಕಳಿಸಿ.

ಕೆಲಸ ಹೋಗುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ. ‘ಆ ಹುಡುಗ ಬೇಡ, ಬೇರೆಯವರನ್ನು ಹಾಕಿ’ ಅಂತ ಸೆಕ್ರೆಟರಿ ಹೇಳಬಹುದು. ಹೆಚ್ಚಾಗಿ ಪಾಯಿಂಟ್ ಬದಲಾಗುತ್ತದೆ, ಅಷ್ಟೇ. ಗೇಟಿಗೆ ನಂಬಿಕೆಯ ಜನ ಸಿಗುವುದು ಈಗ ಅಷ್ಟು ಸುಲಭ ಇಲ್ಲ. ಮತ್ತೆ, ಇದು ನಿಲ್ಲದಿದ್ದರೆ ಆ ಹುಡುಗಿಗೆ ತಿಳಿಸಿ. ನಿಮ್ಮ ಆಫೀಸರ್ ಮೂಲಕ ತಿಳಿಸಿದರೆ ಇನ್ನೂ ಒಳ್ಳೆಯದು. ಅದು ಚಾಡಿ ಹೇಳಿದ ಹಾಗಲ್ಲ. ತನ್ನ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ ಅಂತ ಅವಳಿಗೆ ಗೊತ್ತಿರಬೇಕು.

ಪೊಲೀಸರು ಕೇಳಿದರೆ ಬೇರೆ ಮಾತು. ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 94ನೇ ಸೆಕ್ಷನ್ ಪ್ರಕಾರ ಲಿಖಿತ ನೋಟಿಸ್ ಕೊಟ್ಟು ರೆಕಾರ್ಡಿಂಗ್ ಕೇಳುವ ಅಧಿಕಾರ ಅವರಿಗಿದೆ. ಕಮಿಟಿಗೂ ಏಜೆನ್ಸಿಗೂ ತಿಳಿಸಿ ಕೊಡಿ, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಕೋರ್ಟಿನಲ್ಲಿ ಕಾಪಿ ನಿಲ್ಲಬೇಕಾದರೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಸರ್ಟಿಫಿಕೇಟ್ ಬೇಕು, ಮೊದಲು ಇದನ್ನು 65ಬಿ ಅನ್ನುತ್ತಿದ್ದರು. ಅದಕ್ಕೆ ಸಹಿ ಹಾಕಬೇಕಾದವರು ಡಿವಿಆರ್ (ಕ್ಯಾಮರಾದ ರೆಕಾರ್ಡಿಂಗ್ ಉಳಿಸುವ ಪೆಟ್ಟಿಗೆ) ಯಾರ ಉಸ್ತುವಾರಿಯಲ್ಲಿದೆಯೋ ಅವರು, ಜೊತೆಗೆ ಒಬ್ಬ ತಜ್ಞರು. ಸುಮ್ನೆ ‘ಇಲ್ಲಿ ಸೈನ್ ಹಾಕು’ ಅಂದರೆ ನೀವು ಹಾಕಬೇಡಿ. ಮತ್ತೆ ಯಾರೇ ಹೇಳಲಿ, ಏನನ್ನೂ ಡಿಲೀಟ್ ಮಾಡಬೇಡಿ. ಸಾಕ್ಷ್ಯ ಅಳಿಸಿದರೆ ಅದೇ ಬೇರೆ ಅಪರಾಧ.

ಬೈಕಿನ ವಿಷಯ. ನೀವು ಮೊದಲು ನೋಡಬೇಕಾದ್ದು ಡಿವಿಆರ್ ಗಡಿಯಾರ. ಯಾಕೆ ಅಂತ ಹೇಳುತ್ತೇನೆ. ಉಡುಪಿಯ ಕುಂಜಿಬೆಟ್ಟು ಕಡೆ ನಮ್ಮದೊಂದು ಪಾಯಿಂಟಿನಲ್ಲಿ ಸ್ಕೂಟರ್ ಹೋಯಿತು. ಸ್ಕ್ರೀನಿನಲ್ಲಿ 1.18ಕ್ಕೆ ಒಬ್ಬ ಸ್ಕೂಟರ್ ತಳ್ಳಿಕೊಂಡು ಹೋಗುತ್ತಾನೆ, ಗೇಟಿನ ಕುರ್ಚಿ ಖಾಲಿ. ರಿಜಿಸ್ಟರಿನಲ್ಲಿ ನಮ್ಮವರು 1 ಗಂಟೆಯಿಂದ 2ರ ತನಕ ಗೇಟಿನಲ್ಲಿದ್ದೆ ಅಂತ ಬರೆದಿದ್ದರು. ಎಲ್ಲರೂ ‘ಸುಳ್ಳು ಬರೆದಿದ್ದಾನೆ, ಎಲ್ಲೋ ಮಲಗಿದ್ದ’ ಅಂದರು. ಐವತ್ತೆಂಟು ವರ್ಷದ ಮನುಷ್ಯ, ಕಣ್ಣಲ್ಲಿ ನೀರು. ನಾನು ಕೂತು ಬೆಳಗಿನ ತನಕದ ರೆಕಾರ್ಡಿಂಗ್ ಓಡಿಸಿದೆ. ಪೇಪರ್ ಹಾಕುವ ಹುಡುಗ ಸ್ಕ್ರೀನಿನಲ್ಲಿ 4.22ಕ್ಕೆ ಬರುತ್ತಾನೆ. ಅವನು ಬರುವುದು 5.10ಕ್ಕೆ, ರಿಜಿಸ್ಟರಿನಲ್ಲೂ 5.10 ಅಂತಲೇ ಇದೆ. ಅಂದರೆ ಗಡಿಯಾರ 48 ನಿಮಿಷ ಹಿಂದೆ. ಹದಿನೈದು ದಿನದ ಹಿಂದೆ ಸಿಡಿಲಿಗೆ ಅಡಾಪ್ಟರ್ ಸುಟ್ಟು, ಹೊಸದು ಹಾಕಿದಾಗ ಯಾರೂ ಟೈಮ್ ಸರಿ ಮಾಡಿರಲಿಲ್ಲ. ಹಾಗಾದರೆ ಕಳವಾದದ್ದು 2.06ಕ್ಕೆ. ರಿಜಿಸ್ಟರಿನಲ್ಲಿ ಏನಿದೆ? ‘2.00 ರಿಂದ 2.15, ಹಿಂದೆ ಪಂಪ್ ಕಡೆ ರೌಂಡ್ಸ್.’ ಆ ಒಂದು ಸಾಲು ಅವರನ್ನು ಉಳಿಸಿತು.

ನಿಮ್ಮಲ್ಲೂ ಈ ಭಾಗದ ಸಿಡಿಲು ಅದೇ, ಕರೆಂಟೂ ಅದೇ. ಡ್ಯೂಟಿ ಹತ್ತಿದ ತಕ್ಷಣ ಫೋನಿನ ಟೈಮ್ ಎಷ್ಟು, ಸ್ಕ್ರೀನಿನ ಟೈಮ್ ಎಷ್ಟು ಅಂತ ಎರಡನ್ನೂ ಬರೆದಿಡಿ. ಬೈಕ್ ಹೋದ ದಿನದ ರೆಕಾರ್ಡಿಂಗ್ ಇನ್ನೂ ಇದೆಯಾ ಅಂತ ಇವತ್ತೇ ವಿಚಾರಿಸಿ. ಹಾರ್ಡ್ ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಬಂದು ಬೀಳುತ್ತದೆ. ಮಾಲ್, ಆಸ್ಪತ್ರೆ, ಕಾಲೇಜಿನಂಥ ಜನ ಸೇರುವ ಕಡೆ 30 ದಿನ ಉಳಿಸಬೇಕು ಅಂತ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಹತ್ತು ಹದಿನೈದು ದಿನಕ್ಕೇ ಅಳಿಸಿಹೋಗುವುದು ಜಾಸ್ತಿ. ಉಳಿಸಿಡಿ ಅಂತ ಕಮಿಟಿಗೆ ಬರೆದು ಕೊಡಿ.

ಸಂಬಳ ಹಿಡಿಯುವುದಕ್ಕೆ ಮನಸ್ಸಿಗೆ ಬಂದ ಹಾಗೆ ಆಗುವುದಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೂ, 2025ರ ನವೆಂಬರ್ 21ರಿಂದ ಬಂದ ವೇತನ ಸಂಹಿತೆಯಲ್ಲೂ ತತ್ವ ಒಂದೇ: ನಿಮ್ಮ ಕೈಗೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತು ಆಗಿರಬೇಕು, ನಷ್ಟ ನೇರವಾಗಿ ನಿಮ್ಮ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಮೊದಲು ನಿಮ್ಮ ಮಾತು ಕೇಳಬೇಕು. ಯಾರೋ ಪಾರ್ಕಿಂಗಿನಲ್ಲಿ ನಿಲ್ಲಿಸಿ ಕೀ ತಾವೇ ಇಟ್ಟುಕೊಂಡು ಹೋದ ಬೈಕ್ ನಿಮಗೆ ‘ಒಪ್ಪಿಸಿದ’ ವಸ್ತು ಅಂತ ನಾನಂತೂ ಒಪ್ಪುವುದಿಲ್ಲ. ಬಿಳಿ ಹಾಳೆಗೆ ಸಹಿ ಹಾಕಬೇಡಿ, ‘ನನ್ನಿಂದ ತಪ್ಪಾಗಿದೆ’ ಅಂತ ಬರೆದು ಕೊಡಬೇಡಿ. ಆದರೂ ಹಿಡಿದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಡಿ. ಮಂಗಳೂರಿನಲ್ಲೇ ಇದೆ, ವಕೀಲರು ಬೇಕಾಗಿಲ್ಲ.

ಹಾಗೆಯೇ ನಿಮ್ಮ ಏಜೆನ್ಸಿಗೆ ಲೈಸೆನ್ಸ್ ಇದೆಯಾ ನೋಡಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಪ್ರಕಾರ ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿರಬೇಕು. ಲೈಸೆನ್ಸ್ ಇಲ್ಲದೆ ನಡೆಸಿದರೆ ಒಂದು ವರ್ಷದ ತನಕ ಜೈಲು ಅಥವಾ 25,000 ರೂಪಾಯಿ ತನಕ ದಂಡ, ಎರಡೂ ಆಗಬಹುದು. ನಿಮಗೆ ಫೋಟೋ ಇರುವ ಗುರುತಿನ ಚೀಟಿ ಕೊಡಬೇಕು, ತರಬೇತಿ ಕೊಡಿಸಬೇಕು. ಕೇಂದ್ರದ ಮಾದರಿ ನಿಯಮದಲ್ಲಿ ಆ ತರಬೇತಿ 100 ಗಂಟೆ ಕ್ಲಾಸು, 60 ಗಂಟೆ ಫೀಲ್ಡು. ನಿಮಗೆ ಎಷ್ಟು ಗಂಟೆ ಸಿಕ್ಕಿತು? ಯೂನಿಫಾರ್ಮ್ ಕೊಟ್ಟು ಅದೇ ರಾತ್ರಿ ಗೇಟಿಗೆ ನಿಲ್ಲಿಸಿರುತ್ತಾರೆ. ತರಬೇತಿ ಕೊಡದವರು ನಷ್ಟದ ದುಡ್ಡು ಕೇಳಲು ಬಂದಾಗ ಈ ಮಾತನ್ನು ಅರ್ಜಿಯಲ್ಲಿ ಬರೆಯಿರಿ.

ಇನ್ನೊಂದು, ಕಳ್ಳ ಕೈಗೆ ಸಿಕ್ಕಿದರೆ ಹೊಡೆಯಬೇಡಿ, ರೂಮಿನಲ್ಲಿ ಕೂಡಿಹಾಕಬೇಡಿ. ಕಣ್ಣೆದುರೇ ಕದ್ದವನನ್ನು ಸಾಮಾನ್ಯ ಮನುಷ್ಯನೂ ಹಿಡಿಯಬಹುದು, ಆದರೆ ತಡ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 112ಕ್ಕೆ ಫೋನ್ ಮಾಡಿ, ಮಾಡಿದ ಟೈಮ್ ಬರೆದಿಡಿ.

ಇವತ್ತು ರಾತ್ರಿ ಡ್ಯೂಟಿಗೆ ಹೋದಾಗ ಗಡಿಯಾರ ನೋಡುವುದನ್ನು ಮರೆಯಬೇಡಿ. ತಿಂಗಳ ಕೊನೆಗೆ ಸ್ಲಿಪ್ ಬಂದಾಗ ಬೈಕಿನ ಹೆಸರಲ್ಲಿ ಏನಾದರೂ ಹಿಡಿದಿದ್ದರೆ ಇಲ್ಲೇ ಬರೆಯಿರಿ. ಅರ್ಜಿಯನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಅಂತ ಸಾಲು ಸಾಲಾಗಿ ಹೇಳಿಕೊಡುತ್ತೇನೆ.