ಅರ್ಧ ಕಲಿತವರೂ ಬರೆಯಲಿ

ಓದುಗರ ಪತ್ರ:

ಸಂಪಾದಕರೇ, ನಿಮ್ಮ ‘ಓದುಗರ ಕೈಕೆಲಸ’ ಪುಟ ನೋಡಿ ಬೇಜಾರಾಯಿತು. ಕಸೂತಿ ಕಲಿತು ವರ್ಷವೂ ಆಗದ ಹುಬ್ಬಳ್ಳಿಯ ಹುಡುಗಿಯೊಬ್ಬಳು ‘ದಾರವನ್ನು ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ಬಿಡುವುದಿಲ್ಲ’ ಎಂದು ಬರೆದಿದ್ದಾಳೆ. ಅದು ತಪ್ಪು. ರಾಣೆಬೆನ್ನೂರಿನವರೊಬ್ಬರು ರೇಷ್ಮೆ ಸೀರೆ ಮೇಲೆ ಕ್ಯಾನ್ವಾಸ್ (ಕಣ್ಣುಕಣ್ಣಿನ ಜಾಳು ಬಟ್ಟೆ) ಇಟ್ಟು ಹೊಲಿಯಿರಿ ಅನ್ನುತ್ತಾರೆ. ಬಟ್ಟೆಯ ಎಳೆ ಎಣಿಸದೆ ಹೊಲಿದರೆ ಅದು ಕಸೂತಿಯೇ? ಗೊತ್ತಿಲ್ಲದವರು ಗೊತ್ತಿಲ್ಲದವರಿಗೆ ಕಲಿಸುವುದು ಬೇಡ. ಪಳಗಿದವರ ಮಾತು ಮಾತ್ರ ಹಾಕಿ.
ಓದುಗರೊಬ್ಬರು, ಮಾಳಮಡ್ಡಿ, ಧಾರವಾಡ

ಸಂಪಾದಕರ ಉತ್ತರ:

ಅಕ್ಕಾವರಿಗೆ ನಮಸ್ಕಾರ.

ನಿಮ್ಮ ಪತ್ರದಲ್ಲಿ ಸಿಟ್ಟಿದೆ. ಕಸೂತಿ ಮೇಲೆ ಅಷ್ಟು ಜೀವ ಇಟ್ಟುಕೊಂಡವರಿಗೆ ಮಾತ್ರ ಬರುವ ಸಿಟ್ಟು ಅದು. ಹೀಗಾಗಿ ‘ಗಮನಿಸುತ್ತೇವೆ’ ಎಂದು ಒಂದು ಸಾಲು ಬರೆದು ಮುಗಿಸುವ ಮನಸ್ಸಾಗಲಿಲ್ಲ.

ಮೊದಲು ಉಪ್ಪಿನ ವಿಷಯ. ನೀವು ಹೇಳಿದ್ದು ಸರಿ. ನೂಲಿಗೆ ಬಣ್ಣ ಹಾಕುವಾಗ ಬಣ್ಣದ ನೀರಿಗೆ ಉಪ್ಪು ಬೆರೆಸುವುದುಂಟು. ಆಗ ಹತ್ತಿ ನೂಲು ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಬಣ್ಣ ಹಾಕಿ, ಒಣಗಿಸಿ, ಲಡಿ ಕಟ್ಟಿ ಅಂಗಡಿಗೆ ಬಂದ ದಾರದ ಮೇಲೆ ನಮ್ಮ ಮನೆಯ ಉಪ್ಪು ನೀರಿನ ಆಟ ನಡೆಯುವುದಿಲ್ಲ. ಹಾಗಾದರೆ ಆ ಹುಡುಗಿಯ ಕೆಂಪು ದಾರ ಬಿಳಿ ಮ್ಯಾಟಿ ಬಟ್ಟೆ ಮೇಲೆ ಬಣ್ಣ ಬಿಡಲಿಲ್ಲ ಯಾಕೆ? ಹೊಲಿಯುವ ಮುಂಚೆಯೇ ನೆನೆಸಿದ್ದಕ್ಕೆ. ದಾರದಲ್ಲಿ ಸಡಿಲವಾಗಿ ಉಳಿದಿದ್ದ ಬಣ್ಣ ಅಲ್ಲೇ ಇಳಿದು ಹೋಯಿತು. ಬರೀ ನೀರಲ್ಲಿ ನೆನೆಸಿದ್ದರೂ ಇಳಿಯುತ್ತಿತ್ತು. ಅವಳು ಮಾಡಿದ ಕೆಲಸ ಸರಿ, ಕೊಟ್ಟ ಕಾರಣ ತಪ್ಪು.

ಇದು ನನಗೆ ತಿಳಿದದ್ದು ಹೇಗೆ ಗೊತ್ತೇ? ಅವಳ ಸಲಹೆ ಅಚ್ಚಾದ ಮೇಲೆ ಬೆಟಗೇರಿಯಿಂದ ಒಂದು ಪತ್ರ ಬಂತು. ಬರೆದವರ ಮನೆಯಲ್ಲಿ ಹಿಂದೆ ಮಗ್ಗದ ನೂಲಿಗೆ ಬಣ್ಣ ಹಾಕುತ್ತಿದ್ದರಂತೆ. ಉಪ್ಪು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂದು ಬಿಡಿಸಿ ಬರೆದಿದ್ದಾರೆ. ಜೊತೆಗೆ ಒಂದು ಪರೀಕ್ಷೆಯನ್ನೂ ಹೇಳಿದ್ದಾರೆ. ದಾರದ ತುಂಡನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ಮಡಿಕೆಯೊಳಗೆ ಇಟ್ಟು, ಮೇಲೆ ಭಾರ ಹೇರಿ ಒಣಗಲು ಬಿಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಲಡಿಯನ್ನು ನೀರು ತಿಳಿಯಾಗುವ ತನಕ ತೊಳೆಯಿರಿ. ಆಗಲೂ ಹತ್ತುತ್ತಿದ್ದರೆ ಆ ದಾರವನ್ನು ಬಿಳಿ ಬಟ್ಟೆಗೆ ಬಳಸಲೇಬೇಡಿ.

ಇಷ್ಟು ಒಳ್ಳೆಯ ಮಾತು ಇಷ್ಟು ವರ್ಷ ಎಲ್ಲಿತ್ತು? ಅವರ ತಲೆಯಲ್ಲೇ ಇತ್ತು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಹುಡುಗಿ ತಪ್ಪು ಕಾರಣ ಬರೆದಳು, ತಿದ್ದಲೇಬೇಕು ಎಂದು ಇವರು ಪೆನ್ನು ಹಿಡಿದರು. ನೀವೂ ಅಷ್ಟೇ ಅಲ್ವಾ, ಅಕ್ಕಾವರೇ?

ನಮ್ಮ ಕಡೆಯ ಜನರ ಒಂದು ಸ್ವಭಾವ ನಿಮಗೂ ಗೊತ್ತು. ಮೂವತ್ತು ವರ್ಷ ಹೊಲಿದವರನ್ನು ಕೇಳಿದರೂ ‘ನಮಗೇನ್ ಮಹಾ ಗೊತ್ತೈತ್ರಿ’ ಎಂದು ಸುಮ್ಮನಾಗುತ್ತಾರೆ. ಪಳಗಿದವರ ಮಾತು ಮಾತ್ರ ಹಾಕುತ್ತೇವೆ ಎಂದು ನಾನು ಬೋರ್ಡು ಹಾಕಿದರೆ ಈ ಹೆಣ್ಣುಮಕ್ಕಳು ಇನ್ನಷ್ಟು ಹಿಂದೆ ಸರಿಯುತ್ತಾರೆ. ಆಮೇಲೆ ಪುಟದಲ್ಲಿ ಉಳಿಯುವುದು ಧೈರ್ಯ ಇದ್ದವರ ಮಾತು. ಧೈರ್ಯ ಜಾಸ್ತಿ ಇದ್ದವರಿಗೆಲ್ಲ ಕೆಲಸವೂ ಜಾಸ್ತಿ ಗೊತ್ತಿರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಸಂಗತಿ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಸೂತಿಯ ಗವಂತಿ ಹೊಲಿಗೆಯನ್ನೇ ನೋಡಿ. ಹೋಗುವಾಗ ಒಂದು ಮನೆ, ಅಂದರೆ ಒಂದು ಹೊಲಿಗೆಯಷ್ಟು ಜಾಗ, ಹೊಲಿದು ಒಂದು ಮನೆ ಬಿಡುತ್ತೀರಿ, ತಿರುಗಿ ಬರುವಾಗ ಬಿಟ್ಟ ಮನೆ ತುಂಬುತ್ತೀರಿ. ಮುಂದೆಯೂ ಹಿಂದೆಯೂ ಒಂದೇ ಚಿತ್ರ. ಗೆರೆ ನೇರವಾಗಿದ್ದರೆ ಯಾರಾದರೂ ಹೊಲಿದಾರು. ಗೋಪುರದ ಕಳಸಕ್ಕೋ ತುಳಸಿಕಟ್ಟೆಯ ಎಲೆಗೋ ಗೆರೆ ಕವಲೊಡೆದಾಗ ಹೊಸಬರು ನಿಂತುಬಿಡುತ್ತಾರೆ. ನಡುಗೆರೆ ಮುಗಿಸಿ ಬರುವಾಗ ಕವಲು ಹೊಲಿಯಬೇಕೋ, ಈಗಲೇ ಹೊಲಿಯಬೇಕೋ? ನಿಮ್ಮಂಥವರಿಗೆ ಈ ಪ್ರಶ್ನೆ ಇದೆ ಎಂಬುದೇ ಮರೆತಿರುತ್ತದೆ. ಕೈ ತಾನೇ ನಡೆಯುತ್ತದೆ. ಹೇಳಿಕೊಡುವಾಗ ‘ಹೀಗೆ ಮಾಡು’ ಎಂದು ಮಾಡಿ ತೋರಿಸುತ್ತೀರಿ. ನೋಡುವವರಿಗೆ ಸೂಜಿ ಕಾಣುತ್ತದೆ, ಅದು ಆ ಕಡೆ ಯಾಕೆ ಹೋಯಿತು ಎಂಬುದು ಕಾಣುವುದಿಲ್ಲ.

ಹಾವೇರಿಯಿಂದ ಬರೆದ ಒಬ್ಬರಿಗೆ ಆ ಒದ್ದಾಟ ಇನ್ನೂ ಹಸಿಯಾಗಿ ನೆನಪಿದೆ. ಅವರ ಸಲಹೆ ಇದು: ಕವಲು ಬಂದ ಕೂಡಲೇ ಅದರ ತುದಿಗೆ ಹೋಗಿ, ಬಿಟ್ಟ ಮನೆ ತುಂಬುತ್ತಾ ಬುಡಕ್ಕೆ ಬಂದುಬಿಡಿ. ಆಮೇಲೆ ನಡುಗೆರೆ ಹಿಡಿದು ಮುಂದೆ ಹೋಗಿ. ಹೋದಷ್ಟೇ ಮನೆ ತಿರುಗಿ ಬರುವುದರಿಂದ ಸೂಜಿ ಬಟ್ಟೆಯ ಯಾವ ಬದಿಯಲ್ಲಿತ್ತೋ ಅದೇ ಬದಿಗೆ ಬಂದು ನಿಲ್ಲುತ್ತದೆ. ಮೊದಲು ಚೌಕುಳಿ ಹಾಳೆಯ ಮೇಲೆ ಬಾಣದ ಗುರುತು ಹಾಕಿಕೊಂಡು ದಾರಿ ನೋಡಿಕೊಳ್ಳಿ ಎಂದೂ ಬರೆದಿದ್ದಾರೆ. ಬಟ್ಟೆ ಮೇಲೆ ಗೆರೆ ಎಳೆದುಕೊಳ್ಳದೆ, ಎಳೆ ಎಣಿಸಿಯೇ ಹೊಲಿಯುವ ನಿಮಗೆ ಈ ಹಾಳೆಯ ಕೆಲಸ ಬೇಡ ಅನ್ನಿಸಬಹುದು. ಆದರೆ ಕವಲಿನಲ್ಲಿ ಸಿಕ್ಕಿಬಿದ್ದು ಬಟ್ಟೆ ಎತ್ತಿಟ್ಟವರು ಮತ್ತೆ ಹೊಲಿಯಲು ಕೂತರೆ ನನಗೆ ಅದು ದೊಡ್ಡದು.

ಹಿಂದೆ ಇದಕ್ಕೆ ಪತ್ರಿಕೆ ಬೇಕಿರಲಿಲ್ಲ. ಮನೆಯಲ್ಲಿ ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಇದ್ದರು. ಮದುವೆಗೆ ಚಂದ್ರಕಾಳಿ ಎಂಬ ಕಪ್ಪು ಸೀರೆಗೆ ಕಸೂತಿ ಹೊಲಿಯುವಾಗ ನಾಲ್ಕು ಜನ ಕೂತಿರುತ್ತಿದ್ದರು. ಒಬ್ಬರು ತಪ್ಪು ಹೇಳಿದರೆ ಇನ್ನೊಬ್ಬರು ಅಲ್ಲೇ ಬಿಚ್ಚಿಸುತ್ತಿದ್ದರು. ಆ ಹಜಾರದಲ್ಲಿ ಬಾಯಿ ತೆರೆಯಲು ಯಾರೂ ಪರಿಣತರಾಗಿರಬೇಕಿರಲಿಲ್ಲ. ಇವತ್ತು ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಕೆಲಸ ಮುಗಿಸಿ ಬಂದು ರಾತ್ರಿ ಒಬ್ಬಳೇ ಹೊಲಿಯುವ ಹುಡುಗಿ ಯಾರನ್ನು ಕೇಳಬೇಕು? 2006ರಲ್ಲಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಸಂತೋಷವೇ. ಆದರೆ ಅವಳ ಪಕ್ಕ ಕೂತು ಬಿಚ್ಚಿಸುವವರನ್ನು ಯಾವ ಮಾನ್ಯತೆಯೂ ತಂದುಕೊಡುವುದಿಲ್ಲ.

ಈಗ ಕ್ಯಾನ್ವಾಸ್. ಇಲ್ಲಿ ನಿಮ್ಮ ಜೊತೆ ನಾನು ಅರ್ಧ ದಾರಿ ಬರುತ್ತೇನೆ. ಇಳಕಲ್ ಸೀರೆಯಲ್ಲಿ, ಕೈಮಗ್ಗದ ದಪ್ಪ ನೂಲಿನ ಬಟ್ಟೆಯಲ್ಲಿ ಎಳೆ ಎಣಿಸಲು ಬರುತ್ತದೆ. ಅಲ್ಲಿ ಎಣಿಸಿಯೇ ಹೊಲಿಯಬೇಕು, ಕ್ಯಾನ್ವಾಸ್ ಬೇಕಿಲ್ಲ. ಕ್ರೇಪ್ ಮೇಲೋ ನುಣುಪು ರೇಷ್ಮೆ ಮೇಲೋ ಎಣಿಸುವುದು ಕಣ್ಣಿಗೆ ಆಗದ ಕೆಲಸ. ಅಲ್ಲಿ ಕ್ಯಾನ್ವಾಸ್ ಇಟ್ಟು ಹೊಲಿದು, ಆಮೇಲೆ ಅದರ ಎಳೆ ತೆಗೆಯುವುದು ಈಗ ಸಾಮಾನ್ಯ. ಅದನ್ನು ಕಸೂತಿ ಅಲ್ಲ ಎಂದು ತಳ್ಳಲು ನನಗೆ ಮನಸ್ಸಿಲ್ಲ.

ಆದರೆ ರಾಣೆಬೆನ್ನೂರಿನವರ ಸಲಹೆಯಲ್ಲಿ ಮುಖ್ಯವಾದದ್ದು ಬಿಟ್ಟುಹೋಗಿದೆ. ಸೂಜಿ ಕ್ಯಾನ್ವಾಸಿನ ಕಣ್ಣಿನಲ್ಲೇ ಇಳಿಯಬೇಕು. ಅದರ ನೂಲಿಗೇ ಚುಚ್ಚಿಕೊಂಡರೆ ಆಮೇಲೆ ಎಳೆಯುವಾಗ ಹೊಲಿಗೆಯೂ ಬರುತ್ತದೆ. ಎಳೆಗಳನ್ನು ಒಂದೊಂದಾಗಿ ತೆಗೆಯಬೇಕು. ಕ್ಯಾನ್ವಾಸ್ ಹೋದ ಮೇಲೆ ಹೊಲಿಗೆ ಸ್ವಲ್ಪ ಸಡಿಲಾಗುತ್ತದೆ, ಆದ್ದರಿಂದ ಮೊದಲೇ ತುಸು ಬಿಗಿಯಾಗಿ ಹೊಲಿದಿರಬೇಕು. ಇಷ್ಟು ತಿಳಿಯದೆ ಯಾರಾದರೂ ಅಮ್ಮನ ಹಳೆಯ ರೇಷ್ಮೆ ಸೀರೆ ತೆಗೆದುಕೊಂಡು ಕೂತರೆ ಆ ಸೀರೆ ಮತ್ತೆ ಸಿಗುವುದಿಲ್ಲ. ಹೀಗೆ ಕೈತಪ್ಪಿದರೆ ಸರಿಮಾಡಲು ಬಾರದ ಕಡೆ ನಾನೂ ನಿಮ್ಮಷ್ಟೇ ಬಿಗಿ. ಅಂಥ ಸಲಹೆಯ ಕೆಳಗೆ ‘ಮೊದಲು ಚಿಂದಿ ಬಟ್ಟೆಯ ಮೇಲೆ ಮಾಡಿ ನೋಡಿ’ ಎಂಬ ಸಾಲು ಈ ಸಂಚಿಕೆಯಿಂದ ಇರುತ್ತದೆ. ಹಳೆಯ ಸೀರೆ ತೊಳೆಯುವ, ಕಲೆ ತೆಗೆಯುವ ಸಲಹೆಗಳನ್ನು ಬಲ್ಲವರಿಗೆ ತೋರಿಸದೆ ಹಾಕುವುದಿಲ್ಲ.

ಮಿಕ್ಕಂತೆ ಬರೆಯುವವರಲ್ಲಿ ನಾನು ಕೇಳುವುದು ಸ್ವಲ್ಪವೇ. ಯಾವ ಬಟ್ಟೆ, ಯಾವ ದಾರ, ಎಷ್ಟು ಎಳೆ ತೆಗೆದುಕೊಂಡಿರಿ, ಎಷ್ಟು ಸಲ ಮಾಡಿ ನೋಡಿದಿರಿ ಎಂದು ಬರೆಯಿರಿ. ‘ಒಂದೇ ಸಲ ಮಾಡಿದ್ದೇನೆ’ ಎಂದರೂ ನಡೆಯುತ್ತದೆ. ಹುಬ್ಬಳ್ಳಿಯ ಹುಡುಗಿ ಹಾಗೆಯೇ ಬರೆದಿದ್ದಳು: ಕೆಂಪು ದಾರ, ಬಿಳಿ ಮ್ಯಾಟಿ, ಒಂದೇ ಸಲ. ಅಷ್ಟು ಪ್ರಾಮಾಣಿಕವಾಗಿ ಬರೆದದ್ದಕ್ಕೇ ಬೆಟಗೇರಿಯವರಿಗೆ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಬಂತು. ‘ಉಪ್ಪು ಹಾಕಿ, ಗ್ಯಾರಂಟಿ’ ಎಂದಷ್ಟೇ ಬರೆದಿದ್ದರೆ ಆ ಪತ್ರವನ್ನು ನಾನು ಅಚ್ಚು ಮಾಡುತ್ತಿರಲಿಲ್ಲ.

ಈಗ ನಿಮ್ಮಲ್ಲಿ ಒಂದು ಕೆಲಸ ಇದೆ. ಹಾವೇರಿಯವರು ಕವಲಿನ ದಾರಿ ಹೇಳಿದರು, ಆದರೆ ದಾರ ನಡುವೆ ಮುಗಿದರೆ ಏನು ಮಾಡಬೇಕೆಂದು ಬರೆಯಲಿಲ್ಲ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಹಳೆಯ ದಾರದ ತುದಿ ಎಲ್ಲಿ ಅಡಗಬೇಕು, ಹೊಸದು ಎಲ್ಲಿಂದ ಶುರುವಾಗಬೇಕು, ಒಗೆದಾಗ ಬಿಚ್ಚಿಕೊಳ್ಳದಂತೆ ಎಷ್ಟು ಮನೆ ಜೊತೆಗೆ ಓಡಿಸಬೇಕು? ಮೂರು ಜನ ಕೇಳಿ ಬರೆದಿದ್ದಾರೆ. ನಿಮ್ಮ ಕೈಯಲ್ಲಿ ಹೇಗೆ ನಡೆಯುತ್ತದೋ ಹಾಗೆಯೇ ಬರೆದು ಕಳಿಸಿ. ಚಿತ್ರ ಬಿಡಿಸಲು ಬಾರದಿದ್ದರೆ ಹೊಲಿದ ತುಂಡನ್ನೇ ಲಕೋಟೆಯಲ್ಲಿ ಹಾಕಿ. ಹಿಂದು ಮುಂದು ಎರಡೂ ಬದಿಯ ಫೋಟೋ ನಾವು ತೆಗೆಯುತ್ತೇವೆ. 20ನೇ ತಾರೀಖಿನೊಳಗೆ ಕೈಸೇರಿದರೆ ಮುಂದಿನ ಸಂಚಿಕೆಯಲ್ಲೇ ಹಾಕುತ್ತೇನೆ, ಬೆಟಗೇರಿಯವರ ಪತ್ರದ ಪಕ್ಕದಲ್ಲಿ.

ಸಂ.